ಈದ ಆಕಳು ಹಿಂಡಿ ಮುಟ್ಟದಿದ್ದಾಗ: ಲಿವರಿನಲ್ಲಿ ಸಕ್ಕರೆ ಹೇಗೆ ತಯಾರಾಗುತ್ತದೆ, ಅದನ್ನು ಯಾರು ನಡೆಸುತ್ತಾರೆ?

ಮಳೆಗಾಲ ಮುಗಿಯುತ್ತಾ ಬಂದ ಹಾಗೆ ನನ್ನ ಫೋನಿಗೆ ಬರುವ ಪ್ರಶ್ನೆಗಳಲ್ಲಿ ಒಂದು ಪ್ರತಿ ವರ್ಷ ತಪ್ಪುವುದಿಲ್ಲ. "ಆಕಳು ಈದು ಹದಿನೈದು ದಿನ ಆತು. ಜ್ವರ ಇಲ್ಲ, ಕೆಚ್ಚಲು ಬಾವು ಇಲ್ಲ. ಹಿಂಡಿ ಮುಟ್ಟವಲ್ದು, ಬರೀ ಹುಲ್ಲು ತಿಂತೈತಿ. ಹಾಲು ಅರ್ಧಕ್ಕ ಇಳದೈತಿ. ದಿನಾ ಬೆಲ್ಲ ಕುಡಿಸಿದ್ರೂ ಸುಧಾರಸವಲ್ದು, ಏನ್ ಮಾಡ್ಲಿ?"

ನಾನು ಓದಿದ್ದು ತೋಟಗಾರಿಕೆ, ಪಶುವೈದ್ಯಕೀಯ ಅಲ್ಲ. ಆದರೆ ಚಿಗಳ್ಳಿಯಲ್ಲಿ ಸಾವಯವ ಕೃಷಿ ಮಾಡೋ ನಮ್ಮಂಥವರಿಗೆ ಆಕಳು ಬಿಟ್ಟರೆ ಗೊಬ್ಬರ ಇಲ್ಲ, ಜೀವಾಮೃತ ಇಲ್ಲ. ಕೊಟ್ಟಿಗೆ ಸೊರಗಿದರೆ ತೋಟ ಸೊರಗುತ್ತದೆ. ಅದಕ್ಕೇ ಈ ವಾರದ ಪಾಠ ಗಿಡದ ಮೇಲಲ್ಲ, ದನದ ಲಿವರಿನ ಮೇಲೆ. ಲಿವರಿನಲ್ಲಿರುವ ಒಂದೇ ಒಂದು ಕಿಣ್ವ, ಅದನ್ನು ಹೆಚ್ಚಿಸುವ ಮತ್ತು ತಗ್ಗಿಸುವ ಹಾರ್ಮೋನುಗಳು, ಅದರ ಹಿಂದಿರುವ ಒಂದು ಜೀನ್. ಇಷ್ಟು ಅರ್ಥವಾದರೆ ಮೇಲಿನ ಪ್ರಶ್ನೆಗೆ ಉತ್ತರ ನಿಮಗೇ ಹೊಳೆಯುತ್ತದೆ. ಬೆಲ್ಲ ಯಾಕೆ ಕೆಲಸ ಮಾಡಲಿಲ್ಲ ಅನ್ನೋದೂ ತಿಳಿಯುತ್ತದೆ.

ಮೊದಲು ಒಂದು ಲೆಕ್ಕ

ಹಾಲಿನಲ್ಲಿ ಸಿಹಿ ಇರುವುದು ಲ್ಯಾಕ್ಟೋಸ್ ಎಂಬ ಸಕ್ಕರೆಯಿಂದ. ಆಕಳ ಹಾಲಿನಲ್ಲಿ ಅದು ನೂರಕ್ಕೆ ಸುಮಾರು 4.8 ಭಾಗ. ಈ ಲ್ಯಾಕ್ಟೋಸನ್ನು ಕೆಚ್ಚಲು ತಯಾರಿಸುವುದು ರಕ್ತದಲ್ಲಿ ಬರುವ ಗ್ಲೂಕೋಸಿನಿಂದ. ಒಂದು ಲೀಟರ್ ಹಾಲಿಗೆ ಸುಮಾರು 72 ಗ್ರಾಂ ಗ್ಲೂಕೋಸ್ ಬೇಕು ಅಂತ ಪಶು ಆಹಾರ ತಜ್ಞರ ಲೆಕ್ಕ.

ದಿನಕ್ಕೆ 15 ಲೀಟರ್ ಹಾಲು ಕೊಡುವ ಎಚ್.ಎಫ್. ಮಿಶ್ರತಳಿ ಆಕಳು ಅಂದುಕೊಳ್ಳಿ. 15 × 72 = 1,080 ಗ್ರಾಂ. ಅಂದರೆ ದಿನಕ್ಕೆ ಒಂದು ಕೆ.ಜಿ.ಗೂ ಮಿಕ್ಕಿ ಗ್ಲೂಕೋಸ್ ಕೆಚ್ಚಲಿಗೇ ಬೇಕು. ಮಿದುಳಿಗೆ, ಉಳಿದ ಅಂಗಗಳಿಗೆ ಬೇಕಾದದ್ದು ಬೇರೆ.

ಈಗ ರಕ್ತದಲ್ಲಿ ಎಷ್ಟಿದೆ ನೋಡಿ. 400 ಕೆ.ಜಿ. ತೂಕದ ಆಕಳಲ್ಲಿ ಸುಮಾರು 28 ಲೀಟರ್ ರಕ್ತ. ಆರೋಗ್ಯವಂತ ಆಕಳ ರಕ್ತದಲ್ಲಿ ಸಕ್ಕರೆ ಪ್ರತಿ 100 ಮಿ.ಲೀ.ಗೆ 55 ಮಿ.ಗ್ರಾಂ ಆಸುಪಾಸು, ಮನುಷ್ಯರಿಗಿಂತ ಕಡಿಮೆ. ಗುಣಿಸಿದರೆ ಒಟ್ಟು 15 ಗ್ರಾಂ ಬರುತ್ತದೆ. ಮೂರು ಚಮಚ ಸಕ್ಕರೆಯಷ್ಟು! ಕೆಚ್ಚಲು ಒಂದೇ ಎಳೆಯುವ ವೇಗಕ್ಕೆ ಇದು 20 ನಿಮಿಷಕ್ಕೆ ಮುಗಿಯುತ್ತದೆ. ಆದರೂ ಆಕಳು ಬೀಳುವುದಿಲ್ಲ. ಯಾಕೆಂದರೆ ಖಾಲಿಯಾದಷ್ಟನ್ನೂ ಯಾರೋ ಹಗಲು ರಾತ್ರಿ ತುಂಬುತ್ತಿದ್ದಾರೆ. ಆ 'ಯಾರೋ' ಅಂದರೆ ಲಿವರ್, ಅಂದರೆ ಯಕೃತ್ತು.

ಬೆಲ್ಲ ಎಲ್ಲಿಗೆ ಹೋಯಿತು?

ನೀವು ಜೀವಾಮೃತ ಮಾಡಿದ್ದೀರಿ. 200 ಲೀಟರ್ ಬ್ಯಾರಲ್ಲಿಗೆ ನೀರು, 10 ಕೆ.ಜಿ. ಸಗಣಿ, ಗಂಜಲ, 2 ಕೆ.ಜಿ. ದ್ವಿದಳ ಹಿಟ್ಟು, 2 ಕೆ.ಜಿ. ಬೆಲ್ಲ, ಒಂದು ಹಿಡಿ ಮಣ್ಣು. ಮರುದಿನ ಮುಚ್ಚಳ ತೆಗೆದರೆ ಬುರುಗು, ಹುಳಿ ವಾಸನೆ. ಬೆಲ್ಲ ಎಲ್ಲಿ ಹೋಯಿತು? ಸೂಕ್ಷ್ಮಾಣುಗಳು ತಿಂದವು.

ಆಕಳ ಹೊಟ್ಟೆಯೂ ಅಂಥದ್ದೇ ಬ್ಯಾರಲ್. ಮೊದಲ ಹೊಟ್ಟೆ, ಅಂದರೆ ರೂಮೆನ್, ನೂರು ಲೀಟರಿಗೂ ಮಿಕ್ಕಿದ ಪಾತ್ರೆ. ನೀವು ಹಾಕಿದ ಬೆಲ್ಲ, ಗೋವಿನಜೋಳದ ನುಚ್ಚು, ತೌಡು, ಹುಲ್ಲು ಎಲ್ಲವನ್ನೂ ಮೊದಲು ತಿನ್ನುವುದು ಅಲ್ಲಿನ ಸೂಕ್ಷ್ಮಾಣುಗಳು. ಹಾಗಾಗಿ ಸಕ್ಕರೆ ಸಕ್ಕರೆಯಾಗಿಯೇ ಕರುಳಿಗೆ ಮುಟ್ಟುವುದು ಬಹಳ ಕಡಿಮೆ. ಸೂಕ್ಷ್ಮಾಣುಗಳು ತಿಂದು ಬಿಡುವುದು ಮೂರು ಮುಖ್ಯ ಆಮ್ಲಗಳನ್ನು: ಅಸಿಟೇಟ್, ಪ್ರೊಪಿಯೋನೇಟ್, ಬ್ಯುಟಿರೇಟ್. ಆಕಳ ನಿಜವಾದ ಊಟ ಇವೇ.

ಈ ಮೂರರಲ್ಲಿ ಸಕ್ಕರೆಯಾಗಿ ಬದಲಾಗುವುದು ಪ್ರೊಪಿಯೋನೇಟ್ ಮಾತ್ರ. ಅಸಿಟೇಟ್ ಹಾಲಿನ ಫ್ಯಾಟಿಗೆ ಮತ್ತು ಶಕ್ತಿಗೆ ಹೋಗುತ್ತದೆ. ಬ್ಯುಟಿರೇಟಿನ ಬಹುಪಾಲು ರೂಮೆನ್ ಗೋಡೆ ದಾಟುವಾಗಲೇ ಕೀಟೋನ್ ಆಗುತ್ತದೆ. ಬೆಲ್ಲ, ಕಾಕಂಬಿಯಂಥ ಸಿಹಿ ಹೆಚ್ಚಾದಾಗ ರೂಮೆನ್‌ನಲ್ಲಿ ಹೆಚ್ಚುವುದು ಬ್ಯುಟಿರೇಟ್. ಅಂದರೆ ಸಕ್ಕರೆ ಕೊರತೆಯ ಆಕಳಿಗೆ ಒಂದೆರಡು ಕೆ.ಜಿ. ಬೆಲ್ಲ ಕುಡಿಸಿದರೆ ಆ ಸಕ್ಕರೆ ರಕ್ತಕ್ಕೆ ಹೋಗುವುದಿಲ್ಲ. ರಕ್ತದಲ್ಲಿ ಮೊದಲೇ ಹೆಚ್ಚಾಗಿರುವ ಕೀಟೋನಿಗೆ ಇನ್ನಷ್ಟು ಸೇರುತ್ತದೆ, ಮೇಲಿಂದ ಹೊಟ್ಟೆ ಹುಳಿ ಏರುತ್ತದೆ. ಈದ ದಿನ ಅಜ್ಜಿ ಕೊಡುವ ಒಂದು ತುಂಡು ಬೆಲ್ಲಕ್ಕೆ ತೊಂದರೆ ಇಲ್ಲ, ರುಚಿಗೆ ಕೊಡಲಿ. ಅದನ್ನೇ ಔಷಧ ಅಂತ ನಂಬಿ ಕೂರಬೇಡಿ.

ಲಿವರಿನ ಸಕ್ಕರೆ ದಾರಿ

ಸಿಹಿ ತಿನ್ನದ ಪ್ರಾಣಿಯ ಲಿವರೂ ಸಕ್ಕರೆ ಹೊರಬಿಡುತ್ತದೆ ಎಂದು 1848ರ ಹೊತ್ತಿಗೆ ತೋರಿಸಿದವರು ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್. ಅದುವರೆಗೆ ಸಕ್ಕರೆ ಮಾಡುವುದು ಗಿಡಗಳ ಕೆಲಸ, ಪ್ರಾಣಿಗಳದ್ದು ಅದನ್ನು ಸುಡುವ ಕೆಲಸ ಎಂಬ ನಂಬಿಕೆ ಇತ್ತು. ಸಕ್ಕರೆಯಲ್ಲದ ವಸ್ತುಗಳಿಂದ ಸಕ್ಕರೆ ಕಟ್ಟುವ ಈ ಕೆಲಸಕ್ಕೆ ಗ್ಲುಕೋನಿಯೋಜೆನೆಸಿಸ್ ಎಂದು ಹೆಸರು. ನಾವು ಸರಳವಾಗಿ 'ಹೊಸ ಸಕ್ಕರೆ ತಯಾರಿ' ಅನ್ನೋಣ.

ಆಕಳ ಲಿವರಿಗೆ ಬರುವ ಕಚ್ಚಾ ಮಾಲು ನಾಲ್ಕು: ರೂಮೆನ್‌ನಿಂದ ಪ್ರೊಪಿಯೋನೇಟ್, ಸ್ನಾಯುಗಳಿಂದ ಲ್ಯಾಕ್ಟೇಟ್, ಪ್ರೊಟೀನಿನ ಅಮೈನೋ ಆಮ್ಲಗಳು, ಕೊಬ್ಬು ಕರಗಿದಾಗ ಸಿಗುವ ಗ್ಲಿಸರಾಲ್. ಹೊಟ್ಟೆ ತುಂಬ ತಿನ್ನುವ ಆಕಳಲ್ಲಿ ಅರ್ಧಕ್ಕಿಂತ ಹೆಚ್ಚು ಸಕ್ಕರೆ ಪ್ರೊಪಿಯೋನೇಟಿನಿಂದಲೇ ಬರುತ್ತದೆ.

ಪ್ರೊಪಿಯೋನೇಟ್ ಲಿವರ್ ಕೋಶದೊಳಗೆ ಹೋಗಿ ಕೆಲವು ಮೆಟ್ಟಿಲು ಹತ್ತಿ ಆಕ್ಸಲೋಅಸಿಟೇಟ್ ಎಂಬ ವಸ್ತು ಆಗುತ್ತದೆ. ಈ ಮೆಟ್ಟಿಲಲ್ಲಿ ಒಂದಕ್ಕೆ ವಿಟಮಿನ್ ಬಿ12 ಬೇಕು. ಬಿ12 ತಯಾರಿಸಲು ರೂಮೆನ್ ಸೂಕ್ಷ್ಮಾಣುಗಳಿಗೆ ಕೋಬಾಲ್ಟ್ ಬೇಕು. ಖನಿಜ ಮಿಶ್ರಣದ ಪೊಟ್ಟಣದ ಮೇಲೆ ಕೋಬಾಲ್ಟ್ ಅಂತ ಯಾಕೆ ಬರೆದಿರುತ್ತಾರೆ ಎಂದು ನೀವು ಯೋಚಿಸಿದ್ದರೆ, ಅದಕ್ಕೆ ಕಾರಣ ಇದು.

ಆಕ್ಸಲೋಅಸಿಟೇಟ್ ಒಂದು ಕೂಡುದಾರಿ. ಇಲ್ಲಿಂದ ಸಕ್ಕರೆಯ ಕಡೆಗೆ ತಿರುಗಬೇಕಾದರೆ ಒಂದು ಕಿಣ್ವ ದಾಟಲೇಬೇಕು. ಅದರ ಹೆಸರು ಫಾಸ್ಫೊಈನಾಲ್‌ಪೈರುವೇಟ್ ಕಾರ್ಬಾಕ್ಸಿಕೈನೇಸ್. ಹೆಸರು ಉದ್ದ, ವಿಜ್ಞಾನಿಗಳೂ ಪೆಪ್‌ಸಿಕೆ ಅಂತ ಮೊಟಕು ಮಾಡಿದ್ದಾರೆ. 1954ರಲ್ಲಿ ಅಮೆರಿಕದಲ್ಲಿ ಮರ್ಟನ್ ಅಟರ್ ಮತ್ತು ಕಿಯೋಶಿ ಕುರಹಾಶಿ ಕೋಳಿಯ ಲಿವರಿನಲ್ಲಿ ಇದನ್ನು ಪತ್ತೆ ಮಾಡಿದರು. ಪ್ರೊಪಿಯೋನೇಟ್ ಇರಲಿ, ಲ್ಯಾಕ್ಟೇಟ್ ಇರಲಿ, ಹೆಚ್ಚಿನ ಅಮೈನೋ ಆಮ್ಲಗಳಿರಲಿ, ಸಕ್ಕರೆ ಆಗುವ ಮುಂಚೆ ಇದರ ಕೈ ದಾಟಿ ಹೋಗಬೇಕು. ಗ್ಲಿಸರಾಲ್ ಒಂದೇ ಬೇರೆ ದಾರಿ ಹಿಡಿಯುತ್ತದೆ.

ಬಾಗಿಲಿಲ್ಲದ ತೂಬು

ನಮ್ಮ ಚಿಗಳ್ಳಿ ಜಲಾಶಯದ ತೂಬನ್ನು ನೆನೆಸಿಕೊಳ್ಳಿ. ನೀರು ಹೆಚ್ಚು ಬೇಕಾದರೆ ಬಾಗಿಲು ಎತ್ತುತ್ತಾರೆ, ಸಾಕಾದರೆ ಇಳಿಸುತ್ತಾರೆ. ದೇಹದ ಬಹಳಷ್ಟು ಕಿಣ್ವಗಳು ಹೀಗೆಯೇ. ಇದ್ದ ಕಿಣ್ವವನ್ನೇ ಕ್ಷಣದಲ್ಲಿ ಚುರುಕು ಮಾಡಬಹುದು ಅಥವಾ ಮಂದ ಮಾಡಬಹುದು.

ಪೆಪ್‌ಸಿಕೆ ಹಾಗಲ್ಲ. ಅದಕ್ಕೆ ಅಂಥ ಬಾಗಿಲು ಇಲ್ಲ ಅನ್ನಬಹುದು. ನೀರು ಹೆಚ್ಚು ಬೇಕಾದರೆ ಹೊಸ ತೂಬುಗಳನ್ನೇ ಕಟ್ಟಬೇಕು, ಬೇಡವಾದರೆ ಹಳೆಯದನ್ನು ಒಡೆದು ಹಾಕಬೇಕು. ಅಂದರೆ ದೇಹ ನಿಯಂತ್ರಿಸುವುದು ಕಿಣ್ವದ ಪ್ರಮಾಣವನ್ನು. ಪ್ರಮಾಣವನ್ನು ನಿರ್ಧರಿಸುವುದು ಜೀನ್.

ಈ ಜೀನಿಗೆ ಪಿಸಿಕೆ1 ಎಂದು ಹೆಸರು. ಮನುಷ್ಯರಲ್ಲಿ ಇದು 20ನೇ ವರ್ಣತಂತುವಿನಲ್ಲಿದೆ. ಜೀನ್ ಅಂದರೆ ಕಿಣ್ವ ಕಟ್ಟುವ ನಕ್ಷೆ. ನಕ್ಷೆಯಿಂದ ಒಂದು ನಕಲು ಹೊರಡುತ್ತದೆ, ಅದನ್ನು ನೋಡಿ ಕೋಶ ಕಿಣ್ವ ಕಟ್ಟುತ್ತದೆ. ಈ ನಕಲಿನ ಆಯಸ್ಸು ಬಹಳ ಕಡಿಮೆ. ಇಲಿಗಳ ಲಿವರಿನಲ್ಲಿ ಅರ್ಧದಷ್ಟು ನಕಲುಗಳು ಸುಮಾರು 30 ನಿಮಿಷದಲ್ಲಿ ನಾಶವಾಗುತ್ತವೆ. ಕಿಣ್ವವೂ ಗಂಟೆಗಳ ಲೆಕ್ಕದಲ್ಲಿ ಸವೆಯುತ್ತದೆ. ಹಾಗಾಗಿ ಜೀನ್ ಬರೆಯುವುದನ್ನು ನಿಲ್ಲಿಸಿದರೆ ತೂಬುಗಳು ತಾವಾಗಿಯೇ ಕಡಿಮೆಯಾಗುತ್ತವೆ. ಮತ್ತೆ ಬರೆಯಲು ಶುರು ಮಾಡಿದರೆ ಕೆಲವೇ ಗಂಟೆಗಳಲ್ಲಿ ಹೆಚ್ಚಾಗುತ್ತವೆ.

ಆಜ್ಞೆ ಕೊಡುವವರು ಯಾರು?

ಜೀನಿನ ಮುಂದೆ ಒಂದು ಸ್ವಿಚ್ ಬೋರ್ಡ್ ಇದೆ, ಅದಕ್ಕೆ ಪ್ರಮೋಟರ್ ಎನ್ನುತ್ತಾರೆ. ಹಾರ್ಮೋನುಗಳು ದೂರದಿಂದ ಆಜ್ಞೆ ಕಳಿಸುತ್ತವೆ, ಈ ಬೋರ್ಡಿನ ಮೇಲೆ ಬೇರೆ ಬೇರೆ ಸ್ವಿಚ್‌ಗಳು ಬೀಳುತ್ತವೆ.

ಗ್ಲುಕಾಗಾನ್: ಮೇದೋಜೀರಕ ಗ್ರಂಥಿಯಿಂದ ಬರುತ್ತದೆ. ರಕ್ತದ ಸಕ್ಕರೆ ಇಳಿದಾಗ 'ತಯಾರಿ ಹೆಚ್ಚಿಸಿ' ಅನ್ನುತ್ತದೆ. ಲಿವರ್ ಕೋಶದ ಒಳಗೆ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕ ಹೆಚ್ಚುತ್ತದೆ. ಅದು ಕ್ರೆಬ್ ಎಂಬ ಪ್ರೊಟೀನನ್ನು ಎಬ್ಬಿಸುತ್ತದೆ, ಕ್ರೆಬ್ ಸ್ವಿಚ್ ಒತ್ತುತ್ತದೆ.

ಕಾರ್ಟಿಸಾಲ್: ಹಸಿವು, ನೋವು, ಒತ್ತಡದ ಹಾರ್ಮೋನು. ಇದೂ ಜೀನನ್ನು ಚಾಲೂ ಮಾಡುವ ಕಡೆಗೇ.

ಇನ್ಸುಲಿನ್: ಎಲ್ಲರ ಮೇಲೂ ಅಧಿಕಾರ ನಡೆಸುವ ತಡೆ. ಸಕ್ಕರೆ ಸಾಕಷ್ಟಿದೆ ಎಂದಾಗ ಬರುತ್ತದೆ. ಜೀನನ್ನು ಚಾಲೂ ಇಡುವ ಫಾಕ್ಸೊ-1 ಎಂಬ ಪ್ರೊಟೀನನ್ನು ಕೋಶಕೇಂದ್ರದಿಂದ ಹೊರಗೆ ಹಾಕಿಸುತ್ತದೆ. ಗ್ಲುಕಾಗಾನ್ ಒತ್ತುತ್ತಿದ್ದರೂ ಇನ್ಸುಲಿನ್ ಬಂದರೆ ಬರವಣಿಗೆ ನಿಲ್ಲುತ್ತದೆ.

ಮನುಷ್ಯ, ಇಲಿ, ನಾಯಿಗಳಲ್ಲಿ ಇದರ ಅರ್ಥ ಸರಳ. ಉಂಡಾಗ ಕಿಣ್ವ ಇಳಿಯುತ್ತದೆ, ಉಪವಾಸದಲ್ಲಿ ಏರುತ್ತದೆ. ಏಕಾದಶಿ ಮಾಡಿದವರನ್ನು ರಾತ್ರಿಯಿಡೀ ಕಾಯುವುದು ಈ ಕಿಣ್ವ.

ಆಕಳಲ್ಲಿ ಕಥೆ ಬೇರೆ. ಅದಕ್ಕೆ ಕರುಳಿನಿಂದ ಸಕ್ಕರೆ ಸಿಗುವುದು ಬಹಳ ಕಡಿಮೆಯಾದ್ದರಿಂದ ಲಿವರಿಗೆ ರಜೆಯೇ ಇಲ್ಲ. ಇನ್ನೂ ವಿಶೇಷ ಏನೆಂದರೆ, ಆಕಳು ಹೆಚ್ಚು ತಿಂದಷ್ಟೂ ಹೊಸ ಸಕ್ಕರೆ ತಯಾರಿ ಹೆಚ್ಚುತ್ತದೆ, ಉಪವಾಸ ಬಿದ್ದರೆ ಇಳಿಯುತ್ತದೆ. ನಮಗೂ ಅದಕ್ಕೂ ಪೂರ್ತಿ ಉಲ್ಟಾ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಶಾನ್ ಡಾನ್ಕಿನ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನಗಳು ಇದಕ್ಕೆ ಕಾರಣ ಹೇಳುತ್ತವೆ: ಆಕಳ ಪಿಸಿಕೆ1 ಜೀನಿನ ಪ್ರಮೋಟರನ್ನು ಪ್ರೊಪಿಯೋನೇಟ್ ತಾನೇ ಚುರುಕು ಮಾಡುತ್ತದೆ. ಅಂದರೆ ಮೇವಿನಿಂದ ಬಂದ ಆಮ್ಲ ಬರೀ ಕಚ್ಚಾ ಮಾಲಲ್ಲ, ತೂಬು ಕಟ್ಟಿರಿ ಅಂತ ಹೇಳುವ ಆಜ್ಞೆಯೂ ಹೌದು. ಕೆರೆಗೆ ನೀರು ಬಂದರೆ ತೂಬೂ ಹೆಚ್ಚುತ್ತದೆ!

ಈದ ಮೇಲೆ ಏನಾಗುತ್ತದೆ?

ಈಯುವ ಹೊತ್ತಿಗೆ ಹಾಲಿನ ಬೇಡಿಕೆ ಒಮ್ಮೆಲೇ ಏರುತ್ತದೆ. ಹಾಲು ತುತ್ತತುದಿ ಮುಟ್ಟುವುದು ಸಾಮಾನ್ಯವಾಗಿ ಆರರಿಂದ ಎಂಟನೇ ವಾರಕ್ಕೆ. ಆದರೆ ಆಕಳ ತಿನ್ನುವ ಶಕ್ತಿ ಅಷ್ಟು ಬೇಗ ಏರುವುದಿಲ್ಲ, ಅದು ಹಾಲಿನ ಹಿಂದೆ ಕುಂಟುತ್ತಾ ಬರುತ್ತದೆ. ಈ ನಡುವಿನ ವಾರಗಳಲ್ಲಿ ಖರ್ಚು ಹೆಚ್ಚು, ಆದಾಯ ಕಡಿಮೆ.

ಮತ್ತೊಂದು ವಿಷಯ. ಕೆಚ್ಚಲಿಗೆ ಗ್ಲೂಕೋಸ್ ಎಳೆದುಕೊಳ್ಳಲು ಇನ್ಸುಲಿನ್ನಿನ ಅಪ್ಪಣೆ ಬೇಕಿಲ್ಲ. ಹೊಸದಾಗಿ ಈದ ಆಕಳಲ್ಲಿ ಇನ್ಸುಲಿನ್ ತಗ್ಗಿರುತ್ತದೆ, ಬೆಳವಣಿಗೆ ಹಾರ್ಮೋನು ಏರಿರುತ್ತದೆ. ಸ್ನಾಯು, ಕೊಬ್ಬು ಸಕ್ಕರೆ ತೆಗೆದುಕೊಳ್ಳುವುದನ್ನು ಕಡಿಮೆ ಮಾಡುತ್ತವೆ, ಕೆಚ್ಚಲು ಮಾತ್ರ ಎಳೆಯುತ್ತಲೇ ಇರುತ್ತದೆ. ಕರುವಿಗೆ ಹಾಲು ಮೊದಲು, ತಾಯಿ ಆಮೇಲೆ ಅನ್ನೋದು ಪ್ರಕೃತಿಯ ಲೆಕ್ಕ. ಮಲೆನಾಡು ಗಿಡ್ಡ ಎರಡು-ಮೂರು ಲೀಟರ್ ಕೊಡುವಾಗ ಈ ಲೆಕ್ಕ ಸರಿಹೋಗುತ್ತದೆ. ಅದಕ್ಕೆ ಈ ತೊಂದರೆ ಅಪರೂಪ. 15 ಲೀಟರಿಗೆ ಬೆಳೆಸಿದ ತಳಿಗೆ ಭತ್ತದ ಹುಲ್ಲು ಹಾಕಿ ಕಟ್ಟಿದರೆ ಲೆಕ್ಕ ತಪ್ಪುತ್ತದೆ. ಎರಡಕ್ಕೂ ಲಿವರಿನ ದಾರಿ ಒಂದೇ, ಮೇಲೆ ಬಿದ್ದ ಹೊರೆ ಮಾತ್ರ ಬೇರೆ.

ಹಾರ್ಮೋನುಗಳು 'ತೂಬು ಕಟ್ಟಿ, ಸಕ್ಕರೆ ಕೊಡಿ' ಅಂತ ಕೂಗುತ್ತಿವೆ. ಕೆರೆಯಲ್ಲಿ ಪ್ರೊಪಿಯೋನೇಟ್ ಎಂಬ ನೀರೇ ಇಲ್ಲ. ಆಗ ಆಕಳು ಮೈಯ ಕೊಬ್ಬು ಕರಗಿಸುತ್ತದೆ. ಕರಗಿದ ಕೊಬ್ಬು ಲಿವರಿಗೆ ಬರುತ್ತದೆ. ಅದು ಪೂರ್ತಿ ಉರಿಯಲು ಆಕ್ಸಲೋಅಸಿಟೇಟ್ ಬೇಕು, ಅದು ಸಕ್ಕರೆ ಮಾಡಲು ಖರ್ಚಾಗುತ್ತಿದೆ. ಅರೆಬರೆ ಉರಿದ ಕೊಬ್ಬು ಕೀಟೋನ್ ಆಗಿ ರಕ್ತಕ್ಕೆ ಸೇರುತ್ತದೆ, ಉಳಿದದ್ದು ಲಿವರಿನಲ್ಲೇ ಜಿಡ್ಡಾಗಿ ಕೂರುತ್ತದೆ. ಕೀಟೋನ್ ಹೆಚ್ಚಾದರೆ ಆಕಳು ತಿನ್ನುವುದು ಇನ್ನೂ ಕಡಿಮೆ, ತಿನ್ನದಿದ್ದರೆ ಪ್ರೊಪಿಯೋನೇಟ್ ಇನ್ನೂ ಕಡಿಮೆ. ಸುಳಿಗೆ ಸಿಕ್ಕ ಹಾಗೆ. ಇದೇ ಕೀಟೋಸಿಸ್. ಎಮ್ಮೆಗೂ ಬರುತ್ತದೆ. ಅವಳಿ ಮರಿ ಹೊತ್ತ ಆಡು-ಕುರಿಗಳಿಗೆ ಗಬ್ಬದ ಕೊನೆಯ ವಾರಗಳಲ್ಲಿ ಇದೇ ರೀತಿಯ ಕಾಯಿಲೆ ಬರುತ್ತದೆ.

ಹೋದ ವರ್ಷ ನಮ್ಮ ಓಣಿಯ ಕಾಕಾ ಒಬ್ಬರ ಮಿಶ್ರತಳಿ ಆಕಳಿಗೆ ಆಗಿದ್ದು ಇದೇ. ಸಾಲ ಮಾಡಿ ತಂದದ್ದು. ಈದು ಹತ್ತು ದಿನಕ್ಕೆ 14 ಲೀಟರ್ ಕೊಟ್ಟಿತು, ಮೂರನೇ ವಾರಕ್ಕೆ 6 ಲೀಟರಿಗೆ ಇಳಿಯಿತು. "ತಮ್ಮಾ, ಯಾರದರ ಕಣ್ಣು ಬಿದ್ದಿರಬೇಕು" ಅಂದರು. "ಕಾಕಾ, ಒಂದು ಪಟ್ಟಿ ಹಚ್ಚಿ ನೋಡೂಣು, ಆಮ್ಯಾಲೆ ಕಣ್ಣಿನ ಮಾತು" ಅಂದೆ. ಗಂಜಲಕ್ಕೆ ಅದ್ದಿದ ಕೀಟೋನ್ ಪಟ್ಟಿ ಕಡು ನೇರಳೆಗೆ ತಿರುಗಿತು. ಅದೇ ಸಂಜೆ ಡಾಕ್ಟರ್ ಬಂದರು. ನಾಲ್ಕನೇ ದಿನ ಆಕಳು ಹಿಂಡಿಗೆ ಬಾಯಿ ಹಾಕಿತು. ಹಾಲು ಪೂರ್ತಿ ಮೊದಲಿನಷ್ಟು ಬರಲಿಲ್ಲ, ಆದರೆ ಆಕಳು ಉಳಿಯಿತು, ಕಂತು ತಪ್ಪಲಿಲ್ಲ.

ಗುರುತಿಸುವುದು ಹೇಗೆ?

- ಈದ ಎರಡರಿಂದ ಆರು ವಾರದ ನಡುವೆ ಹೆಚ್ಚು.
- ಮೊದಲು ಹಿಂಡಿ ಬಿಡುತ್ತದೆ, ಆಮೇಲೆ ಹಸಿ ಮೇವು. ಒಣ ಹುಲ್ಲು ಕೊನೆವರೆಗೂ ತಿನ್ನುತ್ತದೆ.
- ಸಗಣಿ ಗಟ್ಟಿ, ಒಣಕಲು. ಮೈ ಬೇಗ ಇಳಿಯುತ್ತದೆ. ಜ್ವರ ಇರುವುದಿಲ್ಲ.
- ಉಸಿರು, ಗಂಜಲ, ಹಾಲಿನಲ್ಲಿ ಉಗುರಿನ ಬಣ್ಣ ತೆಗೆಯುವ ದ್ರಾವಣದಂಥ ವಾಸನೆ. ಎಲ್ಲರ ಮೂಗಿಗೂ ಇದು ಗೊತ್ತಾಗುವುದಿಲ್ಲ, ಹಾಗಾಗಿ ವಾಸನೆ ಇಲ್ಲ ಅಂತ ನಿಶ್ಚಿಂತೆ ಬೇಡ.
- ಕೆಲವು ಆಕಳು ಗೋದಲಿ, ಗೋಡೆ, ತಮ್ಮ ಮೈಯನ್ನೇ ಬಿಡದೆ ನೆಕ್ಕುತ್ತವೆ, ಸುತ್ತು ಹಾಕುತ್ತವೆ, ತೂರಾಡುತ್ತವೆ. ಇದು ಮಿದುಳಿಗೆ ತಟ್ಟಿದ ಲಕ್ಷಣ, ತಡ ಮಾಡಬೇಡಿ.

ಈದ ಮೂರು ದಿನದೊಳಗೆ ಆಕಳು ನೆಲಕ್ಕೆ ಬಿದ್ದು, ಕಿವಿ ತಣ್ಣಗಾಗಿ, ಕುತ್ತಿಗೆ ಮಡಚಿ ಮಲಗಿದರೆ ಅದು ಹೆಚ್ಚಾಗಿ ಕ್ಯಾಲ್ಸಿಯಂ ಕೊರತೆಯ ಹಾಲುಜ್ವರ. ಅದರ ಚಿಕಿತ್ಸೆ ಬೇರೆ, ಗಂಟೆಗಳ ಲೆಕ್ಕದಲ್ಲಿ ಆಗಬೇಕು.

ಮೆಡಿಕಲ್ ಶಾಪಿನಲ್ಲಿ ಮನುಷ್ಯರ ಮೂತ್ರಕ್ಕೆಂದು ಮಾರುವ ಕೀಟೋನ್ ಪಟ್ಟಿ ಆಕಳ ಗಂಜಲಕ್ಕೂ ನಡೆಯುತ್ತದೆ. ಈದ 7, 14, 21ನೇ ದಿನ ಬೆಳಿಗ್ಗೆ ಗಂಜಲ ಹಿಡಿದು ಅದ್ದಿ. ಡಬ್ಬಿಯ ಮೇಲೆ ಬರೆದಷ್ಟೇ ಸೆಕೆಂಡಿಗೆ ಬಣ್ಣ ನೋಡಿ. ಬಣ್ಣದ ಫೋಟೋ ತೆಗೆದು ದಿನಾಂಕ ಹಾಕಿ ಇಟ್ಟುಕೊಳ್ಳಿ, ಡಾಕ್ಟರಿಗೆ ತೋರಿಸಲು ಅನುಕೂಲ. ಪಶು ಆಸ್ಪತ್ರೆಯಲ್ಲಿ ರೋಥೆರಾ ಪುಡಿಯಿಂದ ಇದೇ ಪರೀಕ್ಷೆ ಮಾಡುತ್ತಾರೆ, ಕೀಟೋನ್ ಇದ್ದರೆ ಪುಡಿ ನೇರಳೆ ಬಣ್ಣಕ್ಕೆ ತಿರುಗುತ್ತದೆ. ರಕ್ತದಲ್ಲಿ ಅಳೆದರೆ ಬಿಎಚ್‌ಬಿ ಎಂಬ ಕೀಟೋನ್ ಲೀಟರಿಗೆ 1.2 ಮಿಲಿಮೋಲ್ ಮುಟ್ಟಿದರೆ, ಹೊರಗೆ ಏನೂ ಕಾಣದಿದ್ದರೂ ಒಳಗೆ ಕೀಟೋಸಿಸ್ ಶುರುವಾಗಿದೆ ಎಂದು ಲೆಕ್ಕ.

ಡಾಕ್ಟರ್ ಕೊಡುವ ಚಿಕಿತ್ಸೆಯ ಹಿಂದಿನ ಅರ್ಥ

ಈಗ ಪಾಠವನ್ನು ಕೊಟ್ಟಿಗೆಗೆ ತರೋಣ. ಮೂರು ಮದ್ದು, ಮೂರೂ ಬೇರೆ ಜಾಗದಲ್ಲಿ ಕೆಲಸ ಮಾಡುತ್ತವೆ.

1. ರಕ್ತನಾಳಕ್ಕೆ ಡೆಕ್ಸ್ಟ್ರೋಸ್. ಇದು ಸಿದ್ಧ ಗ್ಲೂಕೋಸ್. ರೂಮೆನ್ ಬ್ಯಾರಲ್ಲನ್ನು ತಪ್ಪಿಸಿ ನೇರ ರಕ್ತಕ್ಕೆ ಹೋಗುತ್ತದೆ, ಅದಕ್ಕೇ ಬೇಗ ಚೇತರಿಕೆ. ಆದರೆ 25 ಪ್ರತಿಶತದ 500 ಮಿ.ಲೀ. ಬಾಟಲಿಯಲ್ಲಿ ಇರುವುದು 125 ಗ್ರಾಂ. ಮೇಲಿನ ಲೆಕ್ಕದಂತೆ ಇದು ಎರಡು ಲೀಟರ್ ಹಾಲಿಗೂ ಸಾಲದು. ಜೊತೆಗೆ ಸಕ್ಕರೆ ಒಮ್ಮೆ ಏರಿದರೆ ಇನ್ಸುಲಿನ್ ಏರುತ್ತದೆ. ಅದು ಕೊಬ್ಬು ಕರಗುವುದನ್ನು ತಡೆಯುತ್ತದೆ, ಅದು ಒಳ್ಳೆಯದು. ಆದರೆ ಪರಿಣಾಮ ಕೆಲವೇ ಗಂಟೆ. 'ಒಂದ್ ಬಾಟ್ಲಿ ಏರಿಸಿದ್ರ ಮುಗೀತು' ಅನ್ನೋ ಮಾತು ಇದಕ್ಕೇ ತಪ್ಪು.

2. ಬಾಯಿಗೆ ಪ್ರೊಪಿಲೀನ್ ಗ್ಲೈಕಾಲ್. ಇದರ ಒಂದು ಭಾಗ ರೂಮೆನ್‌ನಲ್ಲಿ ಪ್ರೊಪಿಯೋನೇಟ್ ಆಗುತ್ತದೆ, ಉಳಿದದ್ದು ಹಾಗೇ ಲಿವರಿಗೆ ಹೋಗಿ ಸಕ್ಕರೆಯಾಗುತ್ತದೆ. ಅಂದರೆ ಕೆರೆಗೇ ನೀರು ಬಿಟ್ಟ ಹಾಗೆ. ಸಾಮಾನ್ಯ ಪ್ರಮಾಣ ದಿನಕ್ಕೆ ಒಮ್ಮೆ 300 ಮಿ.ಲೀ., ಮೂರರಿಂದ ಐದು ದಿನ. ನಿಮ್ಮ ಆಕಳಿಗೆ ಎಷ್ಟು ಅಂತ ಡಾಕ್ಟರನ್ನೇ ಕೇಳಿ. ತಲೆ ತೀರ ಮೇಲೆತ್ತಿ ಗಡಿಬಿಡಿಯಲ್ಲಿ ಕುಡಿಸಬೇಡಿ, ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ.

3. ಸ್ಟಿರಾಯ್ಡ್ ಇಂಜೆಕ್ಷನ್. ಇದು ಕಾರ್ಟಿಸಾಲಿನ ಅಣ್ಣತಮ್ಮ. ರಕ್ತದ ಸಕ್ಕರೆ ಏರುತ್ತದೆ, ಅದರಲ್ಲಿ ಕೆಚ್ಚಲು ಎಳೆಯುವುದನ್ನು ತಗ್ಗಿಸುವ ಪಾಲೂ ಇದೆ, ಹಾಗಾಗಿ ಒಂದೆರಡು ದಿನ ಹಾಲು ಇಳಿಯಬಹುದು. ಇದು ಸೋಂಕಿನ ವಿರುದ್ಧ ಹೋರಾಡುವ ಶಕ್ತಿಯನ್ನು ಕುಗ್ಗಿಸುತ್ತದೆ, ತುಂಬು ಗಬ್ಬದ ಆಕಳಿಗೆ ಕೊಟ್ಟರೆ ಕರು ಹಾಕಿಬಿಡಬಹುದು. ಅಂಗಡಿಯಿಂದ ತಂದು ನೀವೇ ಚುಚ್ಚುವ ಮದ್ದು ಇದಲ್ಲ.

ಇನ್ನೊಂದು ಮಾತು. ಗರ್ಭಕೋಶದ ಸೋಂಕು, ಕೆಚ್ಚಲು ಬಾವು, ಹೊಟ್ಟೆಗೆ ತಂತಿ-ಮೊಳೆ ಸೇರಿದ್ದು, ಯಾವುದರಿಂದ ಆಕಳು ಮೇವು ಬಿಟ್ಟರೂ ಹಿಂದೆಯೇ ಕೀಟೋನ್ ಏರುತ್ತದೆ. ಪಟ್ಟಿ ನೇರಳೆಯಾದರೆ ಅಲ್ಲಿಗೇ ತನಿಖೆ ಮುಗಿಸಬಾರದು, ಮೂಲ ಕಾರಣ ಹುಡುಕಬೇಕು. ಅದಕ್ಕೆ ಡಾಕ್ಟರ್ ಬೇಕೇ ಬೇಕು. ಹತ್ತಿರದ ಪಶು ಆಸ್ಪತ್ರೆಗೆ ಫೋನ್ ಮಾಡಿ, ಸಂಚಾರಿ ಪಶು ಚಿಕಿತ್ಸಾಲಯಕ್ಕೆ 1962 ಒತ್ತಿ. ಸಾವಯವ ಅಂದರೆ ಕಾಯಿಲೆ ಬಿದ್ದ ದನವನ್ನು ಮದ್ದಿಲ್ಲದೆ ಬಿಡುವುದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕೊಟ್ಟ ಔಷಧ, ದಿನಾಂಕ, ಹಾಲು ಎಷ್ಟು ದಿನ ಬೇರೆ ಇಡಬೇಕು ಎಂಬುದನ್ನು ಪುಸ್ತಕದಲ್ಲಿ ಬರೆದಿಡಿ.

ಬಾರದ ಹಾಗೆ ನೋಡಿಕೊಳ್ಳುವುದು

ಪೆಪ್‌ಸಿಕೆ ತೂಬು ರಾತ್ರೋರಾತ್ರಿ ಸಿದ್ಧವಾದರೂ ರೂಮೆನ್‌ನ ಸೂಕ್ಷ್ಮಾಣುಗಳು ಹೊಸ ಮೇವಿಗೆ ಹೊಂದಿಕೊಳ್ಳಲು ವಾರಗಳು ಬೇಕು. ಆದ್ದರಿಂದ ಕೆಲಸ ಈಯುವುದಕ್ಕೆ ಮೂರು ವಾರ ಮೊದಲೇ ಶುರುವಾಗಬೇಕು.

- ಈಯುವ ಮೂರು ವಾರ ಮುಂಚಿನಿಂದ ದಿನಕ್ಕೆ 1 ಕೆ.ಜಿ. ಹಿಂಡಿ ಮಿಶ್ರಣದಿಂದ ಶುರು ಮಾಡಿ, ನಿಧಾನವಾಗಿ ಎರಡೂವರೆ ಕೆ.ಜಿ.ವರೆಗೆ ಏರಿಸಿ.
- ಹಾಗಂತ ಗಬ್ಬದ ಆಕಳನ್ನು ಕೊಬ್ಬಿಸಬೇಡಿ. ಬಾಲದ ಬುಡದಲ್ಲಿ ಕೊಬ್ಬಿನ ಗಡ್ಡೆ ಕಾಣುವಷ್ಟು ದಪ್ಪ ಆದ ಆಕಳು ಈದ ಮೇಲೆ ಕಡಿಮೆ ತಿನ್ನುತ್ತದೆ, ಹೆಚ್ಚು ಕೊಬ್ಬು ಕರಗಿಸುತ್ತದೆ. ಪಕ್ಕೆಲುಬು ಕೈಗೆ ಸಿಗಬೇಕು, ಕಣ್ಣಿಗೆ ಎದ್ದು ಕಾಣಬಾರದು.
- ಈದ ಮೇಲೆ ಹಿಂಡಿ ಎರಡು-ಮೂರು ದಿನಕ್ಕೆ ಅರ್ಧ ಕೆ.ಜಿ.ಯಂತೆ ಏರಿಸಿ. ಮೈ ನಿರ್ವಹಣೆಗೆ ಒಂದರಿಂದ ಒಂದೂವರೆ ಕೆ.ಜಿ., ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ 1 ಕೆ.ಜಿ., ಎಮ್ಮೆಗೆ ಪ್ರತಿ 2 ಲೀಟರಿಗೆ 1 ಕೆ.ಜಿ. ಒಂದೇ ಸಲ ಸುರಿಯದೆ ಮೂರು-ನಾಲ್ಕು ಪಾಲು ಮಾಡಿ ಹಾಕಿ.
- ನಮ್ಮಲ್ಲೇ ಬೆಳೆಯುವ ಗೋವಿನಜೋಳದ ನುಚ್ಚು ಇಲ್ಲಿ ಒಳ್ಳೆಯ ಮಿತ್ರ. ಅದರ ಪಿಷ್ಟದಿಂದ ಪ್ರೊಪಿಯೋನೇಟಿನ ಪಾಲು ಹೆಚ್ಚುತ್ತದೆ. ಬರೀ ಭತ್ತದ ಹುಲ್ಲಿನಿಂದ ಹೆಚ್ಚುವುದು ಅಸಿಟೇಟ್. ಆದರೆ ನುಚ್ಚು ಒಮ್ಮೆಲೇ ಹೆಚ್ಚು ಹಾಕಿದರೆ ಹೊಟ್ಟೆ ಹುಳಿಯಾಗಿ ಆಕಳು ಸಾಯಲೂಬಹುದು. ಇದನ್ನು ಮರೆಯಬೇಡಿ.
- ಹಸಿ ಮೇವು ದಿನಕ್ಕೆ 20-25 ಕೆ.ಜಿ., ಒಣ ಹುಲ್ಲು 5-6 ಕೆ.ಜಿ. ಮೆಲುಕಿಗೆ ಹುಲ್ಲು ಬೇಕೇ ಬೇಕು.
- ಕೋಬಾಲ್ಟ್ ಇರುವ ಖನಿಜ ಮಿಶ್ರಣ ದಿನಕ್ಕೆ 50 ಗ್ರಾಂ, ಉಪ್ಪು 30 ಗ್ರಾಂ. ಕುಡಿಯುವ ನೀರು ಯಾವಾಗಲೂ ಮುಂದಿರಲಿ.

ಮನೆಯ ಹಿರಿಯರಿಗೂ ಈ ಪಾಠ

"ರಾತ್ರಿ ಒಂದ್ ರೊಟ್ಟಿ ತಿಂದು ಮಲಗಿದ್ರೂ ಬೆಳಿಗ್ಗೆ ಶುಗರ್ ಹೆಚ್ಚು ಯಾಕ ತೋರಸ್ತೈತಿ?" ಅಂತ ಮನೆಯಲ್ಲಿ ಯಾರಾದರೂ ಕೇಳಿರಬಹುದು. ಉತ್ತರ ಇದೇ ಲಿವರಿನಲ್ಲಿದೆ. ಟೈಪ್-2 ಮಧುಮೇಹದಲ್ಲಿ ಲಿವರ್ ಇನ್ಸುಲಿನ್ನಿನ ಮಾತು ಸರಿಯಾಗಿ ಕೇಳುವುದಿಲ್ಲ. 'ಸಾಕು, ನಿಲ್ಲಿಸಿ' ಎಂಬ ಆಜ್ಞೆ ಮುಟ್ಟದೆ ರಾತ್ರಿಯಿಡೀ ಹೊಸ ಸಕ್ಕರೆ ತಯಾರಾಗುತ್ತಲೇ ಇರುತ್ತದೆ. ಬಹಳ ಜನ ತೆಗೆದುಕೊಳ್ಳುವ ಮೆಟ್‌ಫಾರ್ಮಿನ್ ಮಾತ್ರೆಯ ಮುಖ್ಯ ಕೆಲಸ ಲಿವರಿನ ಈ ತಯಾರಿಯನ್ನು ತಗ್ಗಿಸುವುದು. 'ಸಿಹಿ ಬಿಟ್ಟೇನಿ, ಮಾತ್ರೆ ಯಾಕ?' ಅನ್ನುವ ಅಪ್ಪ-ಅಜ್ಜನಿಗೆ ಈಗ ನೀವು ಬಿಡಿಸಿ ಹೇಳಬಹುದು. ಮಾತ್ರೆ ಬದಲಿಸುವುದಿದ್ದರೆ ಡಾಕ್ಟರೇ ಬದಲಿಸಲಿ.

ಒಂದೇ ಕಿಣ್ವ. ಅಜ್ಜನಲ್ಲಿ ಅದನ್ನು ತಡೆಯುವವರಿಲ್ಲದೆ ಸಕ್ಕರೆ ಮಿತಿಮೀರುತ್ತದೆ, ಆಕಳಲ್ಲಿ ಅದಕ್ಕೆ ಮಾಲು ಸಿಗದೆ ಸಕ್ಕರೆ ಬತ್ತುತ್ತದೆ. ಅಲ್ಲಿ ಬೇಕಾದದ್ದು ಲಗಾಮು, ಇಲ್ಲಿ ಬೇಕಾದದ್ದು ಮೇವು.

ಈ ವಾರ ಒಂದು ಕೆಲಸ ಮಾಡಿ. ನಿಮ್ಮ ಕೊಟ್ಟಿಗೆಯಲ್ಲಿ ಗಬ್ಬ ಇರುವ ಆಕಳು, ಎಮ್ಮೆ ಈಯುವ ತಾರೀಖು ಫೋನಿನ ಕ್ಯಾಲೆಂಡರಿನಲ್ಲಿ ಹಾಕಿ. ಅದಕ್ಕೆ ಮೂರು ವಾರ ಮೊದಲು ಒಂದು ಅಲಾರಂ, ಈದ 7, 14, 21ನೇ ದಿನಕ್ಕೆ ಮೂರು ಅಲಾರಂ ಇಡಿ. ಒಂದು ಡಬ್ಬಿ ಕೀಟೋನ್ ಪಟ್ಟಿ ತಂದಿಟ್ಟುಕೊಳ್ಳಿ. ಓಣಿಯ ನಾಲ್ಕು ಮನೆ ಸೇರಿ ತಂದರೂ ಆದೀತು.